ಬೋರ್ಡಿನ ಮ್ಯಾಲೆ ಅಕ್ಕನ ಮಾರಿ

ಮಂದಿ ಮಾರಿ ಮುಟ್ಟೋ ಕೆಲಸ ಹಿಡದಾಕಿ ನಗಿ ಹುಡಿಕ್ಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನ ಚಪ್ಪಲಿ ಹೊರಗ ಬಿಟ್ಟು, ಪರದೆ ಸರಿಸಿ, ಒಳಗ ಬಂದು ಕುರ್ಚಿ ಮ್ಯಾಲೆ ಕುಂದರತೈತಿ. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ನಾನು ಬ್ಯೂಟಿ ಪಾರ್ಲರ್ ಇಟ್ಟು ಇಪ್ಪತ್ತೆರಡು ವರ್ಷ ಆತು. ಹುಡುಗ್ಯಾರು ಹುಬ್ಬು ತಿದ್ದಿಸ್ಕೊಳ್ಳಾಕ ಬಂದು ಹತ್ತು ನಿಮಿಷಕ್ಕ ಹೋಗ್ತಾರ. ನಲವತ್ತು ದಾಟಿದವ್ರು ಬಂದ್ರ ಹಂಗಲ್ಲ. ಮೊದಲು ಚಾ ತರಸಬೇಕು, ಮನಿ ಕಥಿ ಕೇಳಬೇಕು. ಕಡೀಕೆ ಅವರು ಎರಡೂ ಕೈಯಿಂದ ಗಲ್ಲ ಹಿಡಿದು ಕಿವಿ ಕಡೆ ಎತ್ತಿ ತೋರಸ್ತಾರ: "ಇಷ್ಟ ನೋಡ್ರಿ. ಇದನ್ನ ಇಲ್ಲೆ ನಿಲ್ಲಿಸಿಬಿಡ್ರಿ, ಸಾಕು."

ನಿಲ್ಲಂಗಿಲ್ಲ. ಕೈ ಬಿಟ್ಟ ಕೂಡ್ಲೆ ಅದು ಇಳದು ತನ್ನ ಜಾಗಾಕ್ಕ ಬಂದು ಕುಂದರತೈತಿ. ಜೋತು ಬಿದ್ದ ತೊಗಲು ಎತ್ತೋ ಕ್ರೀಮು ಇದ್ದಿದ್ರ ಮೊದಲು ನಾನ ಹಚ್ಕೊಂತಿದ್ದೆ. ಆದ್ರ ಹಂಗಂತ ಬಾಯಿಬಿಟ್ಟು ಹೇಳಿದ್ರ ಅಂಗಡಿ ನಡೀಬೇಕಲ್ಲ. ಅದಕ್ಕ ಪೂರಾ ಸುಳ್ಳೂ ಅಲ್ಲ, ಪೂರಾ ಖರೇನೂ ಅಲ್ಲ, ನಡುವಿನ ಒಂದು ಮಾತು ಕಲತು ಇಟ್ಕೊಂಡೇನಿ. "ಫರಕ್ ಬೀಳ್ತೈತ್ರಿ" ಅಂತೇನಿ. ಎಷ್ಟು ಫರಕ್, ಯಾವಾಗ, ಅಂತ ಕೇಳಿದವ್ರು ಕಡಿಮಿ.

ಈಗ ಹೇಳೋ ಪ್ರಸಂಗಕ್ಕೆಲ್ಲಾ ನಾನು ಮೊದಲು ಹೊಟ್ಟಿ ಹಿಡಕೊಂಡು ನಕ್ಕಾಕಿನ. ನಗಿ ಹೋದ ಮ್ಯಾಲೆ ಒಳಗ ಕಸಿವಿಸಿ ಉಳೀತು. ಎಲ್ಲಾದಕ್ಕಿಂತ ಹೆಚ್ಚಿಗಿ ಉಳದದ್ದು ನಮ್ಮ ಅಕ್ಕಂದು. ಅದನ್ನ ಹೇಳಬೇಕಂತನ ಕುಂತೇನಿ. ಆದ್ರ ಧೈರ್ಯ ಬರೋಮಟ ಬ್ಯಾರೆ ಎರಡು ಹೇಳ್ತೇನಿ.

೧. ಒಂದು ಗಲ್ಲದ ಟೀಚರು

ಆಡೂರಿನ ಕಡೆ ಸಾಲಿಗೆ ದಿನಾ ಬಸ್ಸಿಗೆ ಹೋಗಿಬರೋ ಟೀಚರೊಬ್ರು ಬಂದು ಕುಂತ್ರು. ಮಾರಿ ಒರಸಿ ಲೈಟ್ ಹಚ್ಚಿ ನೋಡಿದೆ. ಎಡಗಲ್ಲ ಮದುಮಗಳದು, ಬಲಗಲ್ಲ ಆಕಿ ಅತ್ತೀದು. ಬಲಕ್ಕ ಕಂದು ಕಲಿ, ಕಣ್ಣಿನ ಮೂಲ್ಯಾಗ ಗೆರಿ, ಗಲ್ಲ ಇಳದು ಗದ್ದದ ಹತ್ರ ಬಂದೇತಿ. ಇಂಥಾದ್ದನ್ನ ನಾನು ನೋಡಿರಲಿಲ್ಲ.

"ಟೀಚರ್, ಬಸ್ಸಿನ್ಯಾಗ ಯಾವ ಬಾಜೂ ಕುಂದರ್ತೀರಿ?"

"ಬಲಕ್ಕ, ಕಿಡಕಿ ಹತ್ರ. ಹದಿನೇಳು ವರ್ಷಾತು. ಡ್ರೈವರು ಎಷ್ಟು ಮಂದಿ ಬದಲಾದ್ರು, ನನ್ನ ಸೀಟು ಬದಲಾಗಿಲ್ಲ."

"ಮುಂಜಾನೆ ಬಿಸಲು ಯಾವ ಕಡೆ ಬೀಳ್ತೈತಿ?"

"ಬಲಕ್ಕ."

"ಸಂಜಿಮುಂದ ಬರೂವಾಗ?"

ಟೀಚರು ಬೆರಳಿಲೆ ಗಾಳ್ಯಾಗ ರಸ್ತಾ ಬರದ್ರು, ಬಸ್ಸು ತಿರಗಿಸಿದ್ರು, ಸೂರ್ಯಾನ್ನೂ ಆ ಕಡೆಯಿಂದ ಈ ಕಡೆ ತಂದ್ರು. ಗಣಿತ ಕಲಸೋರು. ಬೆರಳು ಅಲ್ಲೆ ನಿಲ್ಲಿಸಿ, "ಅವಾಗೂ ಬಲಕ್ಕನ ಬರ್ತೈತ್ರಿ" ಅಂದ್ರು. ಹದಿನೇಳು ವರ್ಷದಾಗ ಆ ಲೆಕ್ಕ ಅವತ್ತ ಮೊದಲ ಸಲ ಬಿಡಿಸಿದ್ರಂತ ಕಾಣಸ್ತೈತಿ.

ಆಮ್ಯಾಲೆ ವ್ಯವಹಾರಕ್ಕ ಬಂದ್ರು. "ಹಂಗಾದ್ರ ಬಲಗಲ್ಲಕ್ಕಷ್ಟ ಫೇಶಿಯಲ್ ಮಾಡ್ರಿ, ಅರ್ಧಾ ರೇಟು ತಗೋರಿ. ಎಡಕ್ಕ ಏನೂ ಆಗಿಲ್ಲಲ್ಲ."

ನನಗ ನಗಿ ತಡೀಲಿಲ್ಲ. "ಟೀಚರ್, ಇದಕ್ಕ ಫೇಶಿಯಲ್ ಔಷಧ ಅಲ್ರಿ. ಬಿಸಲು ಒಳಗಿನ ತೊಗಲನ್ನ ಸಡ್ಲ ಮಾಡೇತಿ. ನಾಳೆಯಿಂದ ಎಡಗಡೆ ಸೀಟಿಗೆ ಕುಂದರ್ರಿ, ಮಾರಿಗೆ ಸೆರಗು ಹಾಕ್ಕೊಳ್ರಿ. ಅಷ್ಟ ಮಾಡಿದ್ರ ಇನ್ನ ಹೆಚ್ಚಾಗೂದು ನಿಲ್ಲತೈತಿ."

"ಎಡಗಡೆ ಸೀಟಿನ್ಯಾಗ ನಮ್ಮ ಹೆಡ್ ಮಾಸ್ತರು ಕುಂದರ್ತಾರ್ರಿ" ಅಂದ್ರು ಟೀಚರು. "ಸಾಲ್ಯಾಗ ದಿನಪೂರ್ತಿ ಅವರ ಮಾತು ಕೇಳಿ ಬಸ್ಸಿನ್ಯಾಗೂ ಕೇಳೋದಕ್ಕಿಂತ ಸುಕ್ಕು ಪಾಡು. ನೀವು ಬಲಗಲ್ಲ ಚಾಲೂ ಮಾಡ್ರಿ."

೨. ಸವಣೂರಿನ ಅಮ್ಮಾ

ಸವಣೂರಿನ್ಯಾಗ ಎಲಿ ವ್ಯಾಪಾರದ ದೊಡ್ಡ ಮನಿ ಒಂದೈತಿ. ಆ ಮನಿ ಹಿರಿಯಾಕಿ, ನಾವೆಲ್ಲಾ ಅಮ್ಮಾ ಅಂತಿದ್ವಿ, ಹೊರಗ ಬರಂಗಿಲ್ಲ. ನಾನ ಹದಿನೈದು ದಿನಕ್ಕೊಮ್ಮೆ ಡಬ್ಬಿ ಬ್ಯಾಗಿನ್ಯಾಗ ಹಾಕ್ಕೊಂಡು ಹೋಗ್ತಿದ್ದೆ. ಐವತ್ತು ವರ್ಷ ಎಲಿ ಅಡಿಕಿ ಸುಣ್ಣ ತಂಬಾಕ ಜಗದ ಬಾಯಿ. ಗಲ್ಲ ಎರಡೂ ಒಳಗ ಹೋಗಿ, ಅದರ ಮ್ಯಾಲಿನ ತೊಗಲು ಕೆಳಗ ಇಳದಿತ್ತು. ಮೊಮ್ಮಗಳ ನಿಕಾಹ್ ಒಂಬತ್ತು ತಿಂಗಳಿತ್ತು.

"ಬೇಟಿ, ಅಷ್ಟರಾಗ ಗಲ್ಲ ತುಂಬತಾವಲ್ಲ?" ಅಂತ ಕೇಳಿದ್ರು.

"ಫರಕ್ ಬೀಳ್ತೈತ್ರಿ ಅಮ್ಮಾ" ಅಂದೆ.

ಖರೇ ಹೇಳ್ತೇನಿ, ಮೊದಲನೇ ದಿನಾನ ನನಗ ಗೊತ್ತಾಗಿತ್ತು. ಬಾಯಾಗ ದವಡಿ ಹಲ್ಲು ಒಂದೂ ಇರಲಿಲ್ಲ. ಕಂಬ ಬಿದ್ದ ಮ್ಯಾಲೆ ಹಂದರ ಹ್ಯಾಂಗ ನಿಲ್ಲಬೇಕು? ಆದ್ರೂ ಬಾಯಿ ಬಿಡಲಿಲ್ಲ. ಒಂಬತ್ತು ತಿಂಗಳ ಕೆಳಗಿನಿಂದ ಮ್ಯಾಲಕ್ಕ, ಕೆಳಗಿನಿಂದ ಮ್ಯಾಲಕ್ಕ, ನನ್ನ ಕೈ ನೋವು ಬರೋಮಟ ತಿಕ್ಕಿದೆ. ಅಮ್ಮಾ ಪ್ರತಿ ಸಲ ಬಿರಿಯಾನಿ ಉಣಿಸಿ ಕಳಸ್ತಿದ್ರು. ಆ ಬಿರಿಯಾನಿ ನೆನಪಾದ್ರ ನನಗ ಈಗೂ ನಾಚಿಗಿ ಬರ್ತೈತಿ.

ನಿಕಾಹ್ ಎಂಟು ದಿನ ಇದ್ದಾಗ ದೊಡ್ಡ ಮಗ ಅಮ್ಮಾನ್ನ ಕರಕೊಂಡು ಹೋಗಿ ಹಲ್ಲಿನ ಸೆಟ್ ಕೂಡಿಸಿಕೊಂಡು ಬಂದ. ನಾನು ಹೋದಾಗ ಬಾಗಲಾ ತಗದಾಕಿ ಯಾರಂತ ಗುರ್ತು ಸಿಗಲಿಲ್ಲ. ಗಲ್ಲ ತುಂಬಿ ದುಂಡಗಾಗಿ, ತುಟಿ ಮುಂದ ಬಂದು, ಹತ್ತು ವರ್ಷ ಕಡಿಮಿ ಆಗಿತ್ತು. ನನ್ನ ಒಂಬತ್ತು ತಿಂಗಳ ಕೆಲಸ ಒಂದು ಗಳಿಗ್ಯಾಗ ಮುಗದಿತ್ತು. ಅಮ್ಮಾ ನನ್ನ ಎರಡೂ ಕೈ ಹಿಡಿದು, "ನಿನ್ನ ಕೈಗುಣ, ಬೇಟಿ" ಅಂದ್ರು. ನಾನು ಹೌದನ್ನಲಿಲ್ಲ, ಅಲ್ಲ ಅಂತನೂ ಅನ್ನಲಿಲ್ಲ.

ನಿಕಾಹ್ ದಿನ ಅಮ್ಮಾ ಸೆಟ್ ಹಾಕ್ಕೊಂಡು ಎಲ್ಲಾರಕಿಂತ ಮೊದಲು ಒಂದು ಫೋಟೋ ತಗಸಿದ್ರು. ಊಟ ಆತು. ಎಲಿ ಹಾಕ್ಕೊಳ್ಳಾಕ ಆ ಸೆಟ್ ಅಡ್ಡ ಬರತೈತಂತ ತಗದು ಡಬ್ಯಾಗಿಟ್ಟು, ಜಗಕೋತ ಮನಿ ಮಂದಿ ಫೋಟೋಕ್ಕ ಬಂದು ನಡುವ ಕುಂತ್ರು. ಫೋಟೋಗ್ರಾಫರ್ ಕ್ಯಾಮೆರಾದಿಂದ ಮಾರಿ ಎತ್ತಿ, ಭಾಳ ಮರ್ಯಾದಿಲೆ ಅಂದ: "ಇವರಲ್ರಿ. ಮುಂಜಾನಿ ಇವರ ತಂಗಿ ಇದ್ರಲ್ರಿ, ಅವರನ್ನ ಕರೀರಿ."

೩. ಮೊದಲು, ಆಮೇಲೆ

ಇನ್ನ ಅಕ್ಕಂದು ಹೇಳಬೇಕು.

ನಾನು ಸಣ್ಣಾಕಿದ್ದಾಗ ಅಪ್ಪ ಹೋದ, ಎರಡು ವರ್ಷಕ್ಕ ಅವ್ವನೂ ಹೋದ್ಲು. ಅಕ್ಕ ನನಗಿಂತ ಹನ್ನೊಂದು ವರ್ಷಕ್ಕ ದೊಡ್ಡಾಕಿ, ದುಂಡಸಿಗೆ ಕೊಟ್ಟಿತ್ತು. ಗಂಡನ ಮನಿಗೆ ನನ್ನನ್ನೂ ಕರಕೊಂಡು ಹೋಗಿ ಜ್ವಾಕಿ ಮಾಡಿದ್ಲು. ನನಗ ಬ್ಯೂಟಿಶಿಯನ್ ಆಗಬೇಕು ಅನ್ನೋ ಹುಚ್ಚು ಹತ್ತಿದಾಗ ಮನ್ಯಾಗ ಎಲ್ಲಾರೂ ನಕ್ರು, ಆಕಿ ನಗಲಿಲ್ಲ. ತಮ್ಮ ಹೊಲದ ಕೆಲಸ ಮುಗಿಸಿ ಮಂದಿ ಹೊಲಕ್ಕ ಕಳೆ ತಗ್ಯಾಕ, ಮೆಣಸಿನಕಾಯಿ ಬಿಡಸಾಕ ಹೋಗಿ ನನ್ನನ್ನ ಹುಬ್ಬಳ್ಳಿಗೆ ಕೋರ್ಸಿಗೆ ಕಳಿಸಿದ್ಲು. ಆ ಟೀಚರಿಗೆ ಬಲಕ್ಕಷ್ಟ ಬಿಸಲು. ಕಳೆ ತಗಿಯಾಕಿಗೆ ಬಲಕ್ಕ ಎಡಕ್ಕ ಅಂತ ಇರಂಗಿಲ್ಲ.

"ಅಕ್ಕ, ಮಾರಿಗೆ ಸೆರಗರ ಹಾಕ್ಕೋ, ತೊಗಲು ಸುಟ್ಟು ಹೋಗತೈತಿ" ಅಂತ ನಾನು ಕೋರ್ಸಿನ್ಯಾಗ ಕಲತದ್ದು ಹೇಳಿದ್ರ, "ನೀ ಮಂದಿ ಮಾರಿ ಚಂದ ಮಾಡೋದು ಕಲಿ, ನಂದೊಂದು ಹೆಂಗರ ಇರಲಿ" ಅಂತಿದ್ಲು.

ಪಾರ್ಲರ್ ಚಾಲೂ ಆತು. ಮಾರಿಗೆ ಹಚ್ಚೋ ಕಡ್ಲಿ ಹಿಟ್ಟು ಅಕ್ಕಂದ. ಪ್ಯಾಕೆಟ್ ಹಿಟ್ಟಿನ್ಯಾಗ ಏನೇನೋ ಕೂಡಿಸಿರ್ತಾರಂತ ತಾನ ಕಡ್ಲಿ ಹಸನ ಮಾಡಿ, ಬೀಸಿಸಿ, ಹಾನಗಲ್ಲಿಗೆ ಬರೋ ಯಾರದರ ಕೈಯಾಗ ಚೀಲ ಕಳಸ್ತಿದ್ಲು. ದುಂಡಸಿಯಿಂದ ಹಾನಗಲ್ಲಿಗೆ ಬಸ್ ಬದಲಿ ಮಾಡಿ ಬರಬೇಕು, ಹಿಂಗಾಗಿ ತಾನು ವರ್ಷಕ್ಕೊಮ್ಮೆ ಬಂದ್ರ ಬಂದ್ಲು, ಇಲ್ಲಾಂದ್ರ ಇಲ್ಲ. ನಾನು ಹಾಳಾಗಿದ್ದು ಅದ ಧೈರ್ಯದ ಮ್ಯಾಲೆ.

ಹದಿಮೂರು ವರ್ಷದ ಹಿಂದಿನ ಮಾತು. ಅಂಗಡಿಗೆ ಹೊಸಾ ಫ್ಲೆಕ್ಸ್ ಬೋರ್ಡ್ ಮಾಡಸಾಕ ಹೋದೆ. ಪ್ರಿಂಟಿಂಗ್ ಅಂಗಡಿಯಾಂವ, "ಈಗ ಬರೇ ಹೆಸರು ಹಾಕಿದ್ರ ನಡ್ಯಂಗಿಲ್ರಿ ಮೇಡಂ. ಮೊದಲು ಹಿಂಗಿದ್ರು, ಆಮೇಲೆ ಹಿಂಗಾದ್ರು ಅಂತ ಎರಡು ಫೋಟೋ ಬೇಕು" ಅಂದ. ಗಿರಾಕಿ ಯಾರು ಕೊಡ್ತಾರ? ನನ್ನ ಅಂಗಡಿಗೆ ಬರೋರು ಅರ್ಧಾ ಮಂದಿ ಗಂಡಗ ಸಂತಿಗೆ ಹೊಂಟೇನಿ ಅಂತ ಹೇಳಿ ಬಂದಿರ್ತಾರ. ಪರ್ಸಿನ್ಯಾಗ ಅಕ್ಕನ ಒಂದು ಫೋಟೋ ಇತ್ತು. ರೇಶನ್ ಕಾರ್ಡಿಗಂತ ತಗಸಿದ್ದು. ಬಿಸಲಾಗಿಂದ ಬಂದು ಹಂಗ ನಿಂತು ತಗಸ್ಕೊಂಡಾಳ; ಕಣ್ಣು ಕಿರಿದು ಮಾಡಿ, ಗಲ್ಲ ಇಳದು, ಹಣಿ ತುಂಬ ಗೆರಿ. ನಾವಿಬ್ರೂ ಅವ್ವನ ಅಚ್ಚು, ಮೂಗು ಕಣ್ಣು ಎಲ್ಲಾ ಒಂದ. ಅಕ್ಕಗ ಅವಾಗ ನಲವತ್ತೈದು, ನನಗ ಮೂವತ್ನಾಕು.

ಅಕ್ಕನ ಫೋಟೋದ ಕೆಳಗ 'ಮೊದಲು' ಅಂತ ಬರಿಸಿದೆ. ಮೇಕಪ್ ಮಾಡ್ಕೊಂಡು ನನ್ನದೊಂದು ತಗಸಿ 'ಆಮೇಲೆ' ಅಂತ ಬರಿಸಿದೆ. ನಗಿ ಬರ್ತಿತ್ತು. ಯಾರಿಗೆ ತಿಳೀಬೇಕು ಅಂದ್ಕೊಂಡೆ.

ಬೋರ್ಡ್ ಏರಿದ ಮ್ಯಾಲೆ ಗಿರಾಕಿ ಬೆಂಚಿನ ಮ್ಯಾಲೆ ಪಾಳಿ ಹಚ್ಚಿ ಕುಂದರೂವಂಗಾತು. ನಾಕು ತಿಂಗಳಿಗೆ ಒಂದಿನ ಅಕ್ಕ ಹೇಳದ ಕೇಳದ ಹಿಟ್ಟಿನ ಚೀಲ ತಲಿ ಮ್ಯಾಲೆ ಹೊತ್ಕೊಂಡು ಬಂದಾಳ. ಅಂಗಡಿ ಮುಂದ ನಿಂತು ತಲಿ ಎತ್ತಿ ನೋಡ್ಯಾಳ. ಬಾಗಲದಷ್ಟು ದೊಡ್ಡದು ತನ್ನ ಮಾರಿ, ಕೆಳಗ 'ಮೊದಲು'.

ನಾನು ಒಳಗ ಯಾರಿಗೋ ಹುಬ್ಬು ತಿದ್ದಾಕತ್ತಿದ್ದೆ. ಅಷ್ಟರಾಗ ಹೊರಗ ಪಾಳಿಯಾಗ ಕುಂತಿದ್ದ ಹೆಣ್ಮಗಳೊಬ್ಬಾಕಿ ಅಕ್ಕನ್ನ ನೋಡಿ, ಬೋರ್ಡ್ ನೋಡಿ, ಮತ್ತ ಅಕ್ಕನ್ನ ನೋಡಿ, "ಅಯ್ಯ, ನೀವ ಅಲ್ರಿ ಇವರು? ಮಾಡಿಸ್ಕೊಂಡು ಎಷ್ಟು ದಿನಾತು?" ಅಂತ ಕೇಳ್ಯಾಳ. ಅಕ್ಕ ತಲಿ ಮ್ಯಾಲಿನ ಚೀಲ ಇಳಿಸಿದ್ಲಂತ. ಆ ಹೆಣ್ಮಗಳು ಗಾಬರಿಯಾಗಿ ಪರದೆ ಸರಿಸಿ ಒಳಗ ಬಂದು ನನಗ ಕೇಳಿದ್ಲು:

"ಮೇಡಂ, ನಿಮ್ಮ ಟ್ರೀಟ್ಮೆಂಟ್ ಎಷ್ಟು ದಿನ ಬಾಳಿಕಿ ಬರ್ತೈತ್ರಿ? ಬೋರ್ಡಿನ್ಯಾಗಿನವ್ರು ಹೊರಗ ನಿಂತಾರ, ಅವರದು ಪೂರಾ ಇಳದು ಮೊದಲಿನಂಗ ಆಗೇತಿ."

ಕೈಯಾಗಿನ ದಾರ ಬಿಟ್ಟು ಹೊರಗ ಓಡಿದೆ. ಅಕ್ಕ ಇರಲಿಲ್ಲ. ಮೆಟ್ಟಲ ಮ್ಯಾಲೆ ಹಿಟ್ಟಿನ ಚೀಲ ಇತ್ತು. ಬಸ್ ಸ್ಟ್ಯಾಂಡಿಗೆ ಓಡಿ ಹೋಗೂದರಾಗ ಬಸ್ಸು ಬಿಟ್ಟಿತ್ತು.

ಒಳಗ ಬಂದ್ರ, ಒಂದು ಹುಬ್ಬು ತಿದ್ದಿಸ್ಕೊಂಡಾಕಿ ಇನ್ನೊಂದು ಹುಬ್ಬು ಹಂಗ ಹಿಡಕೊಂಡು ಕುಂತಿದ್ಲು. "ಮೇಡಂ, ಇದಾದ್ರೂ ಇಳೀಲಾರದಂಗ ಮಾಡ್ರಿ" ಅಂದ್ಲು.

೪. ಟ್ರ್ಯಾಕ್ಟರು

ಅವತ್ತ ಸಂಜಿಗೆ ಬೋರ್ಡ್ ಇಳಿಸಿದೆ. ನನಗ ಆ ಫ್ಲೆಕ್ಸ್ ಕಣ್ಣಿಗೆ ಕಾಣಬಾರದಿತ್ತು. ಬಾಜೂ ಮನಿಯಾಂವ ಟ್ರ್ಯಾಕ್ಟರಿನವ, "ಚೆಲ್ಲತೀರೇನ್ರಿ? ಕೊಡ್ರಿಲ್ಲೆ, ಮಾಲಿಗೆ ಹೊಚ್ಚಾಕ ಬರ್ತೈತಿ" ಅಂದ. ಕೊಟ್ಟುಬಿಟ್ಟೆ. ಅದೊಂದು ಕೆಟ್ಟ ಕೆಲಸ ಸಾಲಲಿಲ್ಲಂತ ಇದೊಂದು.

ಎಂಟು ದಿನಕ್ಕ ಅಕ್ಕನ ಮಗಳ ಫೋನ್ ಬಂತು. ತಾಯಿ ಮಗಳು ಶಿಗ್ಗಾಂವಿ ಸಂತಿಗೆ ಬಂದಿದ್ರು.

"ಚಿಗವ್ವ, ಅವ್ವ ಟ್ರ್ಯಾಕ್ಟರ್ ಮ್ಯಾಲೆ ಹೊಂಟಾಳ."

"ಏನಂದಿ? ಟ್ರ್ಯಾಕ್ಟರ್ ಯಾಕ ಹತ್ತಿದ್ಲು ಆಕಿ?"

"ಹತ್ತಿಲ್ಲ. ಅವ್ವ ನನ್ನ ಬಾಜೂಕ ನಿಂತಾಳ. ಗೋವಿನಜ್ವಾಳದ ಟ್ರ್ಯಾಕ್ಟರ್ ಮ್ಯಾಲೆ ಅವ್ವನ ಮಾರಿ ಹೊಂಟೈತಿ. ನಿಂದೂ ಐತಿ, ಆದ್ರ ನಿಂದು ಹಗ್ಗದ ಕೆಳಗ ಮುಚ್ಚೇತಿ. ಅವ್ವಂದಷ್ಟ ಪೂರಾ ಕಾಣಸ್ತೈತಿ."

"ಅವ್ವ ಏನಂದ್ಲು?"

"ಏನೂ ಅನ್ನವಲ್ಲಳು. ದುಂಡಸಿಯವರು ಏಳೆಂಟು ಮಂದಿ ಇಲ್ಲೆ ಬಸ್ಸಿಗೆ ನಿಂತಾರ. ಅವರು ಅನ್ನಾಕತ್ತಾರ."

ಮರುದಿನ ದುಂಡಸಿಗೆ ಹೋದೆ. ದಾರಿತುಂಬ ಹ್ಯಾಂಗ ಕಾಲಿಗೆ ಬೀಳಬೇಕು, ಏನು ಹೇಳಬೇಕು ಅಂತ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಅಕ್ಕ ಜಗಳಾ ತಗೀಲಿಲ್ಲ. ತಗದಿದ್ರ ಚಲೋ ಇತ್ತು. ಕಾಲಿಗೆ ನೀರು ಕೊಟ್ಲು, ಅವಲಕ್ಕಿ ಹಚ್ಚಿದ್ಲು, ಚಾ ಮಾಡಿದ್ಲು. "ಅಕ್ಕ, ನಂದು ತಪ್ಪಾತು" ಅಂದೆ. "ಚಾ ಆರತೈತಿ, ಕುಡಿ" ಅಂದ್ಲು. ಆಕಿ ಗಲ್ಲ ಮುಟ್ಟಾಕ ಕೈ ಮುಂದ ಮಾಡಿದೆ. ಮಾರಿ ಹಿಂದಕ್ಕ ಸರಿಸಿದ್ಲು. ಅಷ್ಟ.

ನಾನು ಹೊಂಡೂವಾಗ ಬಾಗಲದಾಗ ನಿಂತು ಕೇಳಿದ್ಲು, "ಮೊನ್ನೆ ಮಳಿ ಬಂತಲ್ಲ, ಆ ಟ್ರ್ಯಾಕ್ಟರಿನವಂದು ಗೋವಿನಜ್ವಾಳ ತೋಯ್ತೇನು?"

"ಇಲ್ಲಂತ."

"ಹಂಗಾದ್ರ ನನ್ನ ಮಾರಿ ಒಂದು ಕೆಲಸಕ್ಕಾದ್ರೂ ಬಂತು ಬಿಡು."

ಫ್ಲೆಕ್ಸ್ ವಾಪಸ್ ಇಸ್ಕೊಂಡು ಬಂದು, ಮಡಚಿ, ಕಪಾಟಿನ ತಳಕ್ಕ ಇಟ್ಟೆ. ಅವತ್ತಿನಿಂದ ಹಿಟ್ಟು ಬರ್ತಿತ್ತು, ಅಕ್ಕ ಬರ್ತಿರಲಿಲ್ಲ. ಲಗ್ನ ಮುಂಜಿವ್ಯಾಗ ಭೇಟ್ಟಿ ಆದ್ರ ಮಾತಾಡ್ತಿದ್ಲು, ಊಟಕ್ಕ ಎಬ್ಬಸ್ತಿದ್ಲು, ಕುಬಸ ಕೊಡ್ತಿದ್ಲು. ಆದ್ರ ಯಾರರ ಫೋಟೋ ತಗ್ಯಾಕ ಮೊಬೈಲ್ ಎತ್ತಿದ್ರ ಸಾಕು, ಸೆರಗು ಮಾರಿ ಮ್ಯಾಲೆ ಎಳಕೊಂತಿದ್ಲು. ಹೊಲದಾಗ ಬಿಸಲಿಗೆ ಹಾಕ್ಕೊಳ್ಳಲಾರದ ಸೆರಗು ಅದು.

ಆಕಿ ಮಗಳ ಮದಿವಿಗೆ ಮದುಮಗಳನ್ನ ನಾನ ತಯಾರ ಮಾಡಿದೆ. ಮದುಮಗಳಿಗೆ ಎರೆಯೋ ಸುರಿಗಿ ನೀರಿನ ದಿನ ಮುತ್ತೈದ್ಯಾರೆಲ್ಲಾ ಒಬ್ಬರ ಗಲ್ಲಕ್ಕ ಒಬ್ಬರು ಅರಿಶಿನ ಹಚ್ಚಾಕತ್ತಿದ್ರು. ನಾನೂ ಕೈತುಂಬ ಅರಿಶಿನ ತಗೊಂಡು ಅಕ್ಕನ ಮುಂದ ಹೋಗಿ, "ಅಕ್ಕ, ಮದುಮಗಳ ಅವ್ವಗೂ ಒಂದೀಟು ಮಾರಿ ಮಾಡ್ತೇನಿ, ಕುಂದರು ಬಾ" ಅಂದೆ.

"ಮಗಳಿಗೆ ಮಾಡು" ಅಂದ್ಲು. "ನಾ 'ಮೊದಲು'ನ ಇರ್ತೇನಿ."

೫. ಅಳಾಕ ಬರಲಾರದ ತಾಯಿ

ಇಷ್ಟೆಲ್ಲಾ ಆದ ಮ್ಯಾಲೆ ಇನ್ನ ಮಂದಿಗೆ ಖರೇನ ಹೇಳೋದು, 'ಫರಕ್ ಬೀಳ್ತೈತಿ' ಅನ್ನೋದು ಬಂದ್ ಅಂತ ಆಣಿ ಮಾಡಿದೆ. ಖರೇ ಹೇಳಿದ್ದಕ್ಕ ಏನಾತು ಕೇಳ್ರಿ.

ಹಿರೇಕೆರೂರಿನ ಬಟ್ಟಿ ವ್ಯಾಪಾರಸ್ಥರ ಮನ್ಯಾಕಿ ಬಂದ್ಲು. ಮಗಳ ಮದಿವಿ ಒಂದು ತಿಂಗಳಿತ್ತು. ಹಣಿ ಮ್ಯಾಲಿನ ಗೆರಿ, ಹುಬ್ಬಿನ ನಡುವಿನ ಗಂಟು ಹೋಗಬೇಕಂತ. "ಅಕ್ಕಾರ, ನನ್ನ ಕ್ರೀಮಿನಿಂದ ಇದು ಹೋಗಂಗಿಲ್ರಿ" ಅಂತ ಖರೇ ಹೇಳಿದೆ. "ಹೋಗಲೇಬೇಕಂದ್ರ ಹುಬ್ಬಳ್ಳ್ಯಾಗ ತೊಗಲಿನ ಡಾಕ್ಟ್ರು ಸೂಜಿ ಮಾಡ್ತಾರ. ಸ್ನಾಯು ಅಳ್ಳಾಡಲಾರದಂಗ ಆಗತೈತಿ, ಗೆರಿ ಬೀಳಂಗಿಲ್ಲ. ನಾಕು ತಿಂಗಳ ಇರ್ತೈತಿ." ಆಕಿ ಮೊದಲಿನ ಅರ್ಧಾ ಕೇಳಿಸ್ಕೊಂಡು ಹುಬ್ಬಳ್ಳಿ ಬಸ್ ಹತ್ತಿದ್ಲು.

ಮದಿವ್ಯಾಗ ನಾನೂ ಇದ್ದೆ. ಹಣಿ ಹಾಸಗಲ್ಲಿನಂಗ ನುಣ್ಣಗಾಗಿತ್ತು, ಎಲ್ಲಾರೂ ಹೊಗಳಿದ್ದ ಹೊಗಳಿದ್ದು. ಸಂಜಿಮುಂದ ಹೆಣ್ಣು ಒಪ್ಪಿಸಿಕೊಡೂ ವ್ಯಾಳ್ಯಾ ಬಂತು. ನಮ್ಮ ಕಡೆ ಅವಾಗ ಅಳಲಿಲ್ಲಂದ್ರ ಆಗಂಗಿಲ್ಲ. ಅತ್ತಿ, ಚಿಗವ್ವ, ನೆರಿಮನ್ಯಾಕಿ, ಎಲ್ಲಾರೂ ಅಳಬೇಕು. ಹಡದಾಕಿ ಅತ್ಲು, ಖರೇನ ಕಣ್ಣೀರು ಸುರದ್ವು. ಆದ್ರ ಹುಬ್ಬು ಕೂಡವಲ್ಲವು, ಹಣಿ ಮಡಚವಲ್ಲದು. ಕಣ್ಣಿನ ಕೆಳಗ ನೀರು, ಮ್ಯಾಲೆ ಏನೂ ಗೊತ್ತಿಲ್ಲದ ಮಾರಿ. ಬೀಗರ ಕಡೆಯ ಮುದುಕಿ ಒಬ್ಬಾಕಿ ನನ್ನ ಕಿವ್ಯಾಗ, "ಉಳ್ಳಾಗಡ್ಡಿ ಹೆಚ್ಚಿ ಬಂದಾಳಂತ ಕಾಣಸ್ತೈತಿ" ಅಂದ್ಲು.

ಆ ತಾಯಿ ಜೀವಕ್ಕ ಹತ್ತಿದ್ದು ಮಗಳ ಮಾತು. ಮಗಳು ಹೋಗೂವಾಗ, "ಅವ್ವ, ನಾ ಹೊಂಟದ್ದಕ್ಕ ನಿನಗೇನೂ ಅನಸಲಿಲ್ಲೇನು?" ಅಂತ ಕೇಳಿದ್ಲಂತ. ತಿಂಗಳಾದ ಮ್ಯಾಲೆ ನನ್ನ ಹತ್ರ ಬಂದು ಕಣ್ಣಾಗ ನೀರು ತಂದ್ಲು, ಹಣಿ ಇನ್ನೂ ಹಂಗ ಇತ್ತು. ನಾನೂ ಮರುಗಿದೆ. ಪೂರಾ ತಿಳಿಸಿ ಹೇಳಬೇಕಿತ್ತು ಅಂದೆ.

ಆಕಿ ಕಣ್ಣು ಒರಸ್ಕೊಂಡು, "ಇರಲಿ ಬಿಡ್ರಿ. ಎರಡನೇ ಮಗಳ ಮದಿವಿ ನಾಕು ತಿಂಗಳ ಮುಂದಕ್ಕ ಹಾಕೇವಿ. ಅಳೋವಷ್ಟರ ಸಡ್ಲಾಗಲಿ" ಅಂದ್ಲು.

೬. ಹುಬ್ಬಷ್ಟ ಸಾಕು

ಈ ವರ್ಷದ ಮಾತು. ಬಂಕಾಪುರದಿಂದ ಒಬ್ಬಾಕಿ ಬಂದು ಕುಂತ್ಲು. ದೊಡ್ಡ ಫೇಶಿಯಲ್ ಬೇಕಂದ್ಲು. ಮಾರಿಗೆ ಕ್ರೀಮ್ ಹಚ್ಚೋಕಿಂತ ಮುಂಚೆ ಕನ್ನಡ್ಯಾಗ ನನ್ನನ್ನ ಭಾಳ ಹೊತ್ತು ನೋಡಿದ್ಲು.

"ಮೇಡಂ, ಇದನ್ನ ನೀವೂ ಹಚ್ಕೊಂತೀರೇನ್ರಿ?"

ಹೆಮ್ಮಿಲೆ ಹೇಳಿದೆ: "ಇಪ್ಪತ್ತೆರಡು ವರ್ಷಾತ್ರಿ. ತಪ್ಪಿಸಿಲ್ಲ."

ಆಕಿ ಹೆಗಲ ಮ್ಯಾಲಿನ ಟವೆಲ್ ತಗದು ಮಡಚಿ ನನ್ನ ಕೈಯಾಗ ಕೊಟ್ಲು. "ಹಂಗಾದ್ರ ಇವತ್ತ ಹುಬ್ಬಷ್ಟ ಸಾಕ್ರಿ."

ಆಕಿ ಹೋದ ಮ್ಯಾಲೆ ಬಾಗಲಾ ಮುಂದ ಮಾಡಿ ಕನ್ನಡಿ ಮುಂದ ನಿಂತೆ. ಮಂದಿ ಮಾರಿ ನೋಡಿ ನೋಡಿ ನನ್ನದು ನೋಡಿರಲಿಲ್ಲ. ಹಣಿ ತುಂಬ ಗೆರಿ. ಗಲ್ಲ ಇಳದಾವ. ಕಣ್ಣು ಕಿರಿದು ಮಾಡಿದ್ರ ರೇಶನ್ ಕಾರ್ಡಿನ ಫೋಟೋ. ಅಕ್ಕಗ ಅವಾಗ ನಲವತ್ತೈದಿತ್ತು, ನನಗ ಈಗ ನಲವತ್ತೇಳು. ಬಿಸಲಾಗ ಒಂದು ದಿನ ನಿಂತಿಲ್ಲ, ಫ್ಯಾನಿನ ಕೆಳಗ ಕುಂತು ಅದ ಮಾರಿಗೆ ಬಂದು ಮುಟ್ಟೇನಿ. ಆಕಿ ಮಾರಿ ಹಾಳಾಗಿದ್ದು ನನ್ನ ಸಲುವಾಗಿ ಅಂತ ಗೊತ್ತಿದ್ದೂ ಅದನ್ನ ಮಂದಿಗೆ ತೋರಿಸಿ ಉಂಡೆ. ಅತ್ತೆ. ನನಗೇನು ಸೂಜಿ ಮಾಡಿಸಿಲ್ಲ, ಅಳಾಕ ಚಲೋ ಬಂತು.

೭. ಎಷ್ಟು ದಿನ ಬಾಳಿಕಿ

ಹೋದ ತಿಂಗಳು ಒಂದಿನ ಮುಂಜಾನೆ ಅಂಗಡಿ ತಗದು ಕಸಾ ಹೊಡ್ಯಾಕತ್ತಿದ್ದೆ. ಮೆಟ್ಟಲ ಮ್ಯಾಲೆ ಯಾರೋ ಚೀಲ ಇಟ್ಟ ಸಪ್ಪಳಾತು. ಹಿಟ್ಟು ಬಂತಂತ ಹೊರಗ ಹೋದ್ರ, ಚೀಲದ ಬಾಜೂಕ ಅಕ್ಕ. ಕಣ್ಣಿಗೆ ಕರೀ ಚಸ್ಮಾ. ನಾನು ಕಸಬರಗಿ ಹಿಡಕೊಂಡು ಬಾಗಲಕ್ಕ ಅಡ್ಡ ನಿಂತೆ.

"ಬರೂದು ಬ್ಯಾಡೇನು?" ಅಂದ್ಲು. ತಾನ ಪರದೆ ಸರಿಸಿ ಒಳಗ ಹೋಗಿ ಕುರ್ಚಿ ಮ್ಯಾಲೆ ಕುಂತ್ಲು. ಹದಿಮೂರು ವರ್ಷದ ಮ್ಯಾಲೆ.

ಎರಡೂ ಕಣ್ಣಿನ ಪೊರೆ ತಗಸಿ ಎರಡು ತಿಂಗಳಾಗಿತ್ತಂತ. ನನಗ ತಿಳಿಸಿರಲಿಲ್ಲ. ನಾಕೈದು ವರ್ಷದಿಂದ ಎಲ್ಲಾ ಮಬ್ಬಿತ್ತಂತ, ವಯಸ್ಸಾತಂತ ಸುಮ್ಮನಿದ್ಲಂತ.

"ಆಪರೇಶನ್ ಆದ ಮ್ಯಾಲೆ ಮನ್ಯಾಗ ಕನ್ನಡಿ ನೋಡಿದೆ" ಅಂದ್ಲು. "ಅಯ್ಯ ಶಿವನ, ಯಾರಿಕಿ ಅಂದೆ. ಮಬ್ಬಿನ್ಯಾಗ ನಾ ಭಾಳ ಚಂದ ಕಾಣ್ತಿದ್ನಿ. ಎಲ್ಲಾರೂ ಚಂದ ಕಾಣ್ತಿದ್ರು. ನಿಮ್ಮ ಮಾಮಾನೂ."

ನಾನು ಇನ್ನೂ ಕಸಬರಗಿ ಹಿಡಕೊಂಡ ನಿಂತಿದ್ದೆ.

"ನಿಂತೀದಿ ಯಾಕ? ಮಾರಿ ತೊಳಿ. ಡಾಕ್ಟ್ರು ಈಗ ನೀರು ತಾಕಿಸಬಹುದು ಅಂದಾರ. ಬೋಣಿಗಿ ನಂದ ಆಗಲಿ."

ಆಕಿ ತಂದ ಹಿಟ್ಟ ತಗೊಂಡು, ಮಸರು ಹಾಕಿ ಕಲಸಿದೆ. ಇಪ್ಪತ್ತೆರಡು ವರ್ಷದಾಗ ಎಷ್ಟು ಸಾವಿರ ಮಾರಿ ಮುಟ್ಟೇನೋ ಗೊತ್ತಿಲ್ಲ, ಅಕ್ಕಂದು ಅವತ್ತ ಮೊದಲ ಸಲ. ಅರಬಿ ಒಗದು ಒಗದು ಮೆತ್ತಗಾಗಿರ್ತೈತಲ್ಲ, ಹಂಗ ಆಗಿತ್ತು ತೊಗಲು. ಕೆಳಗಿನಿಂದ ಮ್ಯಾಲಕ್ಕ ತಿಕ್ಕಿದೆ. ಗಲ್ಲ ಏರಿತು, ಕೈ ಬಿಟ್ಟ ಕೂಡ್ಲೆ ಇಳೀತು. "ಅಕ್ಕ, ಅವತ್ತ ನಾ ಹಂಗ ಮಾಡಬಾರದಿತ್ತು" ಅಂದೆ.

"ಮಾಡಬಾರದಿತ್ತು" ಅಂದ್ಲು. ಅಷ್ಟ ಅಂದ್ಲು. ಇರಲಿ ಬಿಡು ಅಂತ ಅನ್ನಲಿಲ್ಲ, ನಾನೂ ಅದನ್ನ ಕೇಳಲಿಲ್ಲ.

ಮಾರಿ ತೊಳದು ಒರಸಿದ ಮ್ಯಾಲೆ, "ಆ ಬೋರ್ಡ್ ಎಲ್ಲೈತಿ?" ಅಂತ ಕೇಳಿದ್ಲು. ಬ್ಯಾಡಂದ್ರೂ ಕೇಳಲಿಲ್ಲ. ಕಪಾಟಿನ ತಳದಿಂದ ತಗದು ನೆಲದ ಮ್ಯಾಲೆ ಹಾಸಿದೆ. ಇಷ್ಟು ವರ್ಷ ಮಡಚಿ ಇಟ್ಟದ್ದು, ಮಡಿಕಿ ಇದ್ದಲ್ಲೆಲ್ಲಾ ಬಣ್ಣ ಉದರಿ ಬಿಳೀ ಗೆರಿ ಬಿದ್ದಿದ್ವು. ನೋಡಿದ್ರ ಗೆರಿ ಎಲ್ಲಾ 'ಆಮೇಲೆ' ಮ್ಯಾಲೆ. ನನ್ನ ಹಣಿಗೆ ಮೂರು, ಗಲ್ಲಕ್ಕ ಎರಡು. ಅಕ್ಕನ ಫೋಟೋಕ್ಕ ಒಂದೂ ಇಲ್ಲ.

ಅಕ್ಕ ಚಸ್ಮಾ ತಗದು ಬಗ್ಗಿ ನೋಡಿದ್ಲು. ಭಾಳ ಹೊತ್ತು ತನ್ನ ಫೋಟೋನ್ನ ನೋಡಿದ್ಲು.

"ಇಕಿ ಚಲೋನ ಇದ್ದಾಳಲ್ಲ" ಅಂದ್ಲು. "ಈಗಿಂದಕ್ಕ ನೋಡಿದ್ರ ಎಷ್ಟು ಚಂದ ಇದ್ದಾಳ. ಇಕಿ ಸಲುವಾಗಿ ನಾ ಇಷ್ಟು ವರ್ಷ ಸಿಟ್ಟು ಮಾಡ್ಕೊಂಡು ಕುಂತ್ನಿ."

ಆಮ್ಯಾಲೆ ನನ್ನ ಫೋಟೋ ನೋಡಿದ್ಲು. ಎದ್ದು ನನ್ನನ್ನ ಬಾಗಲದ ಬೆಳಕಿಗೆ ಎಳಕೊಂಡು ಹೋಗಿ ನಿಲ್ಲಿಸಿದ್ಲು. ಮಗಳ ಮದಿವ್ಯಾಗ ನನ್ನ ನೋಡಿದ್ದೂ ಮಬ್ಬಿನ್ಯಾಗನ. ಹೊಸಾ ಕಣ್ಣಿಗೆ ನಾನು ಅವತ್ತ ಮೊದಲ ಸಲ ಕಂಡೆ. ಹಣಿ ನೋಡಿದ್ಲು, ಗಲ್ಲ ನೋಡಿದ್ಲು, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ್ಲು. ಸಣ್ಣಾಕಿದ್ದಾಗ ತಲಿ ಬಾಚಿ ಹಂಗ ಹಿಡಿದು ನೋಡ್ತಿದ್ಲು. ಆಕಿ ಕಣ್ಣು ತುಂಬಿದ್ವು. ನನ್ನ ಇಳದ ಗಲ್ಲ ಎರಡೂ ಕೈಲೆ ಹಿಡಿದು ಮ್ಯಾಲಕ್ಕ ಎತ್ತಿದ್ಲು, ಬಿಟ್ಲು. ಅವು ಇಳದ್ವು.

"ಅವತ್ತ ಹೊರಗ ಕುಂತಿದ್ದಾಕಿ ಒಬ್ಬಾಕಿ ಒಳಗ ಬಂದು ನಿನಗ ಕೇಳಿದ್ಲಲ್ಲ, ಪರದೆ ಹೊರಗ ನನಗೂ ಕೇಳಿಸ್ತು, ಇದು ಎಷ್ಟು ದಿನ ಬಾಳಿಕಿ ಬರ್ತೈತಿ ಅಂತ?"

"ಹೂಂ" ಅಂದೆ.

"ಆಕಿ ಮತ್ತ ಬಂದ್ರ ಹೇಳು," ಅಂದ್ಲು ಅಕ್ಕ, ಸೆರಗಿಲೆ ಮೊದಲು ನನ್ನ ಕಣ್ಣು ಒರಸಿ, ಆಮ್ಯಾಲೆ ತನ್ನವು ಒರಸ್ಕೊಂಡು, "ಹದಿಮೂರು ವರ್ಷ ಬಂತು ಅಂತ."